ಒಂದರೊಳಗೊಂದು ಪಟ್ಟಿ: ವಾಟ್ಸ್‌ಆ್ಯಪ್ ಬೇಡಿಕೆಗಳಲ್ಲಿ ಕ್ರಮ ತಪ್ಪದಿರಲು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ವ್ಯಾಪಾರ ಇಂದು ಬಹುಮಟ್ಟಿಗೆ ಮೊಬೈಲಿನ ಪರದೆಯ ಮೇಲೆ ನಡೆಯುತ್ತಿದೆ. ಕೆ.ಆರ್. ನಗರದ ಅಕ್ಕಿ ಗಿರಣಿಗೆ ಬರುವ ಬೇಡಿಕೆ, ಹುಣಸೂರಿನ ಹಾರ್ಡ್‌ವೇರ್ ಅಂಗಡಿಯಿಂದ ಮೈಸೂರಿನ ಸಗಟು ವ್ಯಾಪಾರಿಗೆ ಹೋಗುವ ಪಟ್ಟಿ, ಎಚ್.ಡಿ. ಕೋಟೆಯಿಂದ ಬಾವಲಿ ಮಾರ್ಗವಾಗಿ ಕೇರಳಕ್ಕೆ ಹೊರಡುವ ಶುಂಠಿಯ ಲೋಡಿನ ವಿವರ, ಪಿರಿಯಾಪಟ್ಟಣದ ಕಾರ್ಖಾನೆಯ ಮಾಲೀಕರು ಮೇಸ್ತ್ರಿಗೆ ಬೆಳಿಗ್ಗೆ ಕಳುಹಿಸುವ ದಿನದ ಕೆಲಸದ ಪಟ್ಟಿ, ಇವೆಲ್ಲವೂ ವಾಟ್ಸ್‌ಆ್ಯಪ್ ಸಂದೇಶಗಳಾಗಿವೆ. ಕಾಗದದ ಚೀಟಿ ಹೋಗಿ ಸಂದೇಶ ಬಂದುದರಿಂದ ವೇಗ ಹೆಚ್ಚಿದೆ, ಖರ್ಚು ತಗ್ಗಿದೆ. ಆದರೆ ಕಾಗದದ ಚೀಟಿಯಲ್ಲಿ ಸಹಜವಾಗಿದ್ದ ಒಂದು ಅನುಕೂಲ ಈ ಬದಲಾವಣೆಯಲ್ಲಿ ಕೈತಪ್ಪಿದೆ.

ಕಾಗದದ ಮೇಲೆ ಬರೆಯುವಾಗ ಮುಖ್ಯ ಬಾಬನ್ನು ಎಡ ಅಂಚಿಗೆ ಬರೆದು, ಅದರ ತಪಶೀಲನ್ನು ಕೆಳಗೆ ಸ್ವಲ್ಪ ಒಳಕ್ಕೆ ಸರಿಸಿ ಬರೆಯುವುದು ಎಲ್ಲರಿಗೂ ರೂಢಿ. ಕಿರ್ದಿ ಬರೆಯುತ್ತಿದ್ದ ಗುಮಾಸ್ತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾವುದು ಯಾವುದರ ಅಡಿಯಲ್ಲಿದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಇದಕ್ಕೆ ಒಳಪಟ್ಟಿ ಎನ್ನಬಹುದು. ಮೊಬೈಲ್ ಸಂದೇಶದಲ್ಲಿ ಈ ಒಳಸರಿತ ನಿಲ್ಲುವುದಿಲ್ಲ. ಎಲ್ಲ ಸಾಲುಗಳೂ ಒಂದೇ ಅಂಚಿಗೆ ಬಂದು ನಿಂತಾಗ ತಲೆಬರಹ ಯಾವುದು, ಅದರ ವಿವರ ಯಾವುದು, ಎಲ್ಲಕ್ಕೂ ಅನ್ವಯಿಸುವ ಷರತ್ತು ಯಾವುದು ಎಂಬುದನ್ನು ಓದುವವರು ಊಹಿಸಬೇಕಾಗುತ್ತದೆ. ಊಹೆ ತಪ್ಪಿದಲ್ಲಿ ಲೋಡು ವಾಪಸು ಬರುತ್ತದೆ, ಬಾಕಿ ನಿಲ್ಲುತ್ತದೆ, ವರ್ಷಗಳ ಸಂಬಂಧ ಕೆಡುತ್ತದೆ.

ಒಂದು ಬೇಡಿಕೆ, ಹಲವು ಅರ್ಥ

ಉದಾಹರಣೆಗೆ, ಎಚ್.ಡಿ. ಕೋಟೆಯ ದಿನಸಿ ವ್ಯಾಪಾರಿಯೊಬ್ಬರು ಕೆ.ಆರ್. ನಗರದ ಅಕ್ಕಿ ಗಿರಣಿಗೆ ಕೆಳಕಂಡಂತೆ ಬೇಡಿಕೆ ಕಳುಹಿಸಿದರೆಂದು ಇಟ್ಟುಕೊಳ್ಳಬಹುದು.

- ಸೋನಾ ಮಸೂರಿ
- 25 ಕೆ.ಜಿ. 40 ಚೀಲ
- 50 ಕೆ.ಜಿ. 20 ಚೀಲ
- ಸ್ಟೀಮ್
- ಐ.ಆರ್. 64
- 25 ಕೆ.ಜಿ. 30 ಚೀಲ
- ಹೊಸ ಚೀಲ
- ಬಾಡಿಗೆ ನಿಮ್ಮದು

ಬರೆದವರಿಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ. ಓದುವ ಗುಮಾಸ್ತರಿಗೆ ಮಾತ್ರ ಪ್ರಶ್ನೆಗಳು ಏಳುತ್ತವೆ. ‘ಸ್ಟೀಮ್’ ಎಂಬುದು ಸೋನಾ ಮಸೂರಿಯ ಎರಡೂ ಅಳತೆಗೆ ಸೇರಿದ್ದೋ, 50 ಕೆ.ಜಿ. ಚೀಲಕ್ಕೆ ಮಾತ್ರವೋ? ‘ಹೊಸ ಚೀಲ’ ಬೇಕಾಗಿರುವುದು ಐ.ಆರ್. 64ಕ್ಕೋ, ಇಡೀ ಲೋಡಿಗೋ? ಈ ಸಂದೇಶವನ್ನು ಗಿರಣಿಯವರು ಹಾಗೆಯೇ ಲಾರಿ ಏಜೆಂಟರಿಗೆ ರವಾನಿಸಿದರೆ ‘ಬಾಡಿಗೆ ನಿಮ್ಮದು’ ಎಂಬ ಮಾತಿನಲ್ಲಿ ‘ನೀವು’ ಯಾರು?

ಲೆಕ್ಕ ಹಾಕಿ ನೋಡಿದರೆ ವಿಷಯದ ತೂಕ ತಿಳಿಯುತ್ತದೆ. 25 ಕೆ.ಜಿ.ಯ 40 ಚೀಲವೆಂದರೆ 1,000 ಕೆ.ಜಿ.; 50 ಕೆ.ಜಿ.ಯ 20 ಚೀಲವೂ 1,000 ಕೆ.ಜಿ. ಸ್ಟೀಮ್ ಅಕ್ಕಿಗೂ ಹಸಿ ಅಕ್ಕಿಗೂ ಕೆ.ಜಿ.ಗೆ 4 ರೂಪಾಯಿ ವ್ಯತ್ಯಾಸವೆಂದು ಭಾವಿಸಿದಲ್ಲಿ, ಒಂದು ಸಾಲು ಯಾವುದರ ಅಡಿಗೆ ಸೇರಿತು ಎಂಬುದರ ಮೇಲೆ 4,000 ರೂಪಾಯಿ ಅತ್ತಿತ್ತ ಆಗುತ್ತದೆ. ಮಾಲು ವಾಪಸಾದರೆ ಲಾರಿ ಬಾಡಿಗೆ ಮತ್ತು ಹಮಾಲಿ ಬೇರೆ. ಒಂದು ಬೇಡಿಕೆಯಲ್ಲಿ ಉಳಿಯುವ ಲಾಭವೆಲ್ಲ ಇದರಲ್ಲೇ ಕರಗಬಹುದು.

ತೆರಿಗೆಯ ದೃಷ್ಟಿಯಿಂದಲೂ ಒಳಸಾಲಿಗೆ ಬೆಲೆಯಿದೆ. 2022ರ ಜುಲೈ 18ರಿಂದ ಅಕ್ಕಿಯಂತಹ ಧಾನ್ಯಗಳ ಜಿ.ಎಸ್.ಟಿ.ಯಲ್ಲಿ ಬ್ರ್ಯಾಂಡಿನ ಬದಲಿಗೆ ‘ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ’ ಎಂಬ ಮಾನದಂಡ ಬಂದಿತು; ಅದಕ್ಕೆ 25 ಕೆ.ಜಿ.ಯ ಮಿತಿಯೂ ಇದೆ. ಅಂದರೆ ಒಂದೇ ಗಿರಣಿಯ ಒಂದೇ ತಳಿಯ ಅಕ್ಕಿ, 25 ಕೆ.ಜಿ.ಯ ಲೇಬಲ್ ಚೀಲದಲ್ಲಿ ಹೋದರೆ ಒಂದು ಲೆಕ್ಕ, 50 ಕೆ.ಜಿ. ಚೀಲದಲ್ಲಿ ಹೋದರೆ ಇನ್ನೊಂದು ಲೆಕ್ಕ. ಇಲ್ಲಿ ತೆರಿಗೆ ನಿಂತಿರುವುದು ಮುಖ್ಯ ಬಾಬಿನ ಮೇಲಲ್ಲ, ಅದರ ಒಳಸಾಲಿನ ಮೇಲೆ. ಆ ಸಾಲು ಬೇರೆ ಬಾಬಿನ ಅಡಿಗೆ ಜಾರಿದರೆ ಸರಕುಪಟ್ಟಿಯೂ ತಪ್ಪುತ್ತದೆ.

ಆ್ಯಪ್‌ಗಳ ಇತಿಮಿತಿ

ವಾಟ್ಸ್‌ಆ್ಯಪ್ 2024ರ ಫೆಬ್ರವರಿಯಲ್ಲಿ ಪಟ್ಟಿ ಬರೆಯುವ ಸೌಲಭ್ಯವನ್ನು ನೀಡಿತು. ಸಾಲಿನ ಆರಂಭದಲ್ಲಿ ಅಡ್ಡಗೆರೆ ಅಥವಾ ನಕ್ಷತ್ರ ಚಿಹ್ನೆ ಹಾಕಿ, ಒಂದು ಜಾಗ ಬಿಟ್ಟು ಬರೆದರೆ ಅದು ಚುಕ್ಕೆಯ ಪಟ್ಟಿಯಾಗುತ್ತದೆ. ಅಂಕಿ, ಚುಕ್ಕೆ, ಜಾಗ ಈ ಕ್ರಮದಲ್ಲಿ ಬರೆದರೆ ಸಂಖ್ಯೆಯ ಪಟ್ಟಿಯಾಗುತ್ತದೆ. ಆದರೆ ಇದು ಒಂದೇ ಹಂತದ ಪಟ್ಟಿ. ಚುಕ್ಕೆಯ ಒಳಗೆ ಮತ್ತೊಂದು ಚುಕ್ಕೆ, ಅಂದರೆ ಒಳಪಟ್ಟಿ, ಇದರಲ್ಲಿ ಇಲ್ಲ. ಜಾಗ ಬಿಟ್ಟು ಒಳಕ್ಕೆ ಸರಿಸಲು ಪ್ರಯತ್ನಿಸಿದರೂ ಸಾಲು ಉದ್ದವಾಗಿ ಮುರಿದಾಗ ಉಳಿದ ಭಾಗ ಎಡ ಅಂಚಿಗೇ ಬರುವುದರಿಂದ ಒಳಸರಿತ ಕಾಣದಾಗುತ್ತದೆ.

ದೊಡ್ಡ ಕಂಪನಿಗಳು ಬಳಸುವ ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್ ಮುಂತಾದ ಕಚೇರಿ ಆ್ಯಪ್‌ಗಳಲ್ಲಿ ಈ ಕೊರತೆಯಿಲ್ಲ. ಕಂಪ್ಯೂಟರಿನಲ್ಲಿ ಪಟ್ಟಿಯ ಸಾಲಿನ ಆರಂಭದಲ್ಲಿ ‘ಟ್ಯಾಬ್’ ಕೀಲಿ ಒತ್ತಿದರೆ ಸಾಲು ಒಂದು ಹಂತ ಒಳಕ್ಕೆ ಹೋಗುತ್ತದೆ; ‘ಶಿಫ್ಟ್’ ಹಿಡಿದು ‘ಟ್ಯಾಬ್’ ಒತ್ತಿದರೆ ಒಂದು ಹಂತ ಹೊರಕ್ಕೆ ಬರುತ್ತದೆ. ಮೈಸೂರು ಅಥವಾ ಬೆಂಗಳೂರಿನ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ತಯಾರಕರಿಗೆ ಸೂಚನೆಗಳು ಇಂತಹ ಪಟ್ಟಿಯಾಗಿಯೇ ಬರುತ್ತವೆ. ತೊಡಕು ಶುರುವಾಗುವುದು ಅನಂತರ. ಕಚೇರಿಯಲ್ಲಿ ಆ ಪಟ್ಟಿಯನ್ನು ನಕಲು ಮಾಡಿ, ಕಾರ್ಖಾನೆಯ ವಾಟ್ಸ್‌ಆ್ಯಪ್ ಗುಂಪಿಗೆ ಅಂಟಿಸಿದಾಗ ಹಂತಗಳು ಕಳಚಿಹೋಗಬಹುದು. ಮೇಸ್ತ್ರಿಯ ಕೈಗೆ ತಲುಪುವುದು ಮಟ್ಟಸವಾದ ಪಟ್ಟಿ. ಒಂದು ಭಾಗಕ್ಕೆ ಮಾತ್ರ ಹೇಳಿದ್ದ ಬಣ್ಣ ಎಲ್ಲ ಭಾಗಗಳಿಗೂ ಬಳಿದಿರುತ್ತದೆ.

ಲೆಕ್ಕ ಬರೆಯುವವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಅಪಾಯವಿದೆ. ಸಾಲಿನ ಆರಂಭದ ಅಡ್ಡಗೆರೆ ಚುಕ್ಕೆಯಾಗುತ್ತದೆ ಎಂದರೆ, ಕಳೆಯುವ ಚಿಹ್ನೆಯೂ ಚುಕ್ಕೆಯಾಗುತ್ತದೆ ಎಂದೇ ಅರ್ಥ. ವಾಪಸು ಬಂದ ಮಾಲನ್ನು ಸೂಚಿಸಲು ‘- 12 ಚೀಲ’ ಎಂದು ಹೊಸ ಸಾಲಿನಲ್ಲಿ ಬರೆದರೆ ಪರದೆಯ ಮೇಲೆ ಕಾಣುವುದು ಚುಕ್ಕೆ ಮತ್ತು 12 ಚೀಲ. ಕಳೆಯಬೇಕಾದದ್ದು ಕೂಡಿಕೆಯಾಗಿ ಓದಿಸಿಕೊಳ್ಳುತ್ತದೆ. ಅದೇ ಸಂಭಾಷಣೆಯನ್ನು ಕಡತವಾಗಿ ಹೊರತೆಗೆದಾಗ, ಬೆರಳಚ್ಚು ಮಾಡಿದ ಮೂಲ ಅಡ್ಡಗೆರೆಯೇ ಮತ್ತೆ ಕಾಣುತ್ತದೆ. ಒಂದೇ ಸಾಲು ಪರದೆಯ ಮೇಲೆ ಒಂದು ರೀತಿ, ಕಡತದಲ್ಲಿ ಇನ್ನೊಂದು ರೀತಿ. ಆದ್ದರಿಂದ ವ್ಯವಹಾರದ ಸಂದೇಶದಲ್ಲಿ ಕಳೆಯುವ ಚಿಹ್ನೆಯನ್ನು ಬಳಸಲೇಬಾರದು. ‘ವಾಪಸು 12 ಚೀಲ’, ‘ಕಡಿತ 500 ರೂ.’ ಎಂದು ಪದದಲ್ಲೇ ಬರೆಯಬೇಕು.

ಪರಿಹಾರ ಹೊಸದಲ್ಲ

ಒಳಸರಿತ ನಂಬಲರ್ಹವಲ್ಲ ಎಂಬುದನ್ನು ಕಾನೂನು ರಚಿಸುವವರು ಬಹಳ ಹಿಂದೆಯೇ ಅರಿತಿದ್ದರು. 1975ರ ಸುಂಕ ದರಪಟ್ಟಿ ಅಧಿನಿಯಮದ ಮೊದಲ ಅನುಸೂಚಿಯಲ್ಲಿ ಸರಕಿನ ವಿವರದ ಹಿಂದೆ ಒಂದು ಅಡ್ಡಗೆರೆ ಇದ್ದರೆ ಅದು ಶೀರ್ಷಿಕೆಯ ಉಪವಿಭಾಗ. ಎರಡು ಅಡ್ಡಗೆರೆಗಳಿದ್ದರೆ ಒಂದು ಗೆರೆಯ ವಿವರದ ಉಪವಿಭಾಗ. ಮೂರು ಅಥವಾ ನಾಲ್ಕು ಗೆರೆಗಳಿದ್ದರೆ, ಅದಕ್ಕೆ ಮೊದಲು ಬಂದ ಒಂದು ಅಥವಾ ಎರಡು ಗೆರೆಯ ವಿವರದ ಉಪವಿಭಾಗ. ಇದನ್ನು ಅನುಸೂಚಿಯ ಸಾಮಾನ್ಯ ವಿವರಣೆಯಲ್ಲೇ ಹೇಳಲಾಗಿದೆ. ಗೆರೆಗಳ ಜೊತೆಗೆ ಸಂಖ್ಯೆಯೂ ಇದೆ. ಅದೇ ಇಂದು ಜಿ.ಎಸ್.ಟಿ. ಸರಕುಪಟ್ಟಿಯಲ್ಲಿ ಬರೆಯುವ ಎಚ್.ಎಸ್.ಎನ್. ಸಂಕೇತ.

ಈ ಭಾಗದ ವರ್ತಕರಿಗೆ ಪರಿಚಿತವಾದ ಹೊಗೆಸೊಪ್ಪನ್ನೇ ತೆಗೆದುಕೊಳ್ಳಬಹುದು. 24 ಎಂಬುದು ತಂಬಾಕಿನ ಅಧ್ಯಾಯ. 2401 ಎಂಬುದು ತಯಾರಿಕೆಗೆ ಒಳಪಡದ ತಂಬಾಕಿನ ಶೀರ್ಷಿಕೆ. ಅದರೊಳಗೆ 2401 10 ಎಂದರೆ ನಡುದಂಟು ತೆಗೆಯದ ಸೊಪ್ಪು; 2401 20 ಎಂದರೆ ನಡುದಂಟನ್ನು ಪೂರ್ತಿಯಾಗಿಯೋ ಭಾಗಶಃವೋ ತೆಗೆದ ಸೊಪ್ಪು. ಎರಡರ ಅಡಿಯಲ್ಲೂ ‘ಫ್ಲೂ ಕ್ಯೂರ್ಡ್ ವರ್ಜೀನಿಯಾ ತಂಬಾಕು’ ಎಂಬ ಒಂದೇ ಪದಗಳ ಸಾಲಿದೆ. ಒಂದು 2401 10 10, ಇನ್ನೊಂದು 2401 20 10. ಪದಗಳನ್ನು ಮಾತ್ರ ಓದಿದವರಿಗೆ ಎರಡೂ ಒಂದೇ. ಸಂಖ್ಯೆಯನ್ನು ಓದಿದವರಿಗೆ ಯಾವುದು ಯಾವುದರ ಅಡಿಯದೆಂದು ಕೂಡಲೇ ತಿಳಿಯುತ್ತದೆ. ಆ ಸಾಲನ್ನು ಪುಸ್ತಕದಿಂದ ಕಿತ್ತು ಬೇರೆಡೆ ಇಟ್ಟರೂ ಅದರ ಗುರುತು ಕೆಡುವುದಿಲ್ಲ.

ಹರಾಜು ಮಾರುಕಟ್ಟೆಯಲ್ಲಿ ನಡೆಯುವುದೂ ಇದೇ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಪದ್ಧತಿ 1984ರಲ್ಲಿ ಆರಂಭವಾಯಿತು. ಅಂಗಳದಲ್ಲಿ ಬೇಲ್‌ಗಳು ಸಾಲಾಗಿ ಇರುತ್ತವೆಯಾದರೂ, ಯಾವ ಬೇಲ್ ಯಾವ ಬೆಳೆಗಾರರದು ಎಂಬುದನ್ನು ಅದು ಇಟ್ಟಿರುವ ಜಾಗದಿಂದ ತಿಳಿಯುವುದಿಲ್ಲ. ಅದಕ್ಕೆ ಅಂಟಿದ ಚೀಟಿಯ ಸಂಖ್ಯೆಯಿಂದ ತಿಳಿಯುತ್ತಾರೆ. ಬೇಲ್ ಅಲ್ಲಿಂದ ಇಲ್ಲಿಗೆ ಸರಿದರೂ ಲೆಕ್ಕ ತಪ್ಪುವುದಿಲ್ಲ.

ಕಾನೂನಿನ ಕಲಮುಗಳೂ ಹೀಗೆಯೇ. ಕೇಂದ್ರ ಜಿ.ಎಸ್.ಟಿ. ಅಧಿನಿಯಮದ 16(2)(ಸಿ) ಎಂದರೆ 16ನೆಯ ಕಲಮಿನ 2ನೆಯ ಉಪಕಲಮಿನ ‘ಸಿ’ ಖಂಡ. ಮಾರಿದವರು ತೆರಿಗೆಯನ್ನು ಸರ್ಕಾರಕ್ಕೆ ವಾಸ್ತವವಾಗಿ ಪಾವತಿಸಿರಬೇಕೆಂಬ, ಹೂಡುವಳಿ ತೆರಿಗೆ ಜಮೆಯ ಷರತ್ತು. ಮೂರು ಹಂತದ ಒಳಪಟ್ಟಿ ಒಂದೇ ಸಾಲಿನ ಗುರುತಿನಲ್ಲಿ ಅಡಗಿದೆ. ಬಹುತೇಕ ಅಂಗಡಿಗಳಲ್ಲಿರುವ ಟ್ಯಾಲಿ ತಂತ್ರಾಂಶದಲ್ಲೂ ಮೊದಲೇ ಸಿದ್ಧವಾಗಿರುವ 28 ಗುಂಪುಗಳಲ್ಲಿ 15 ಮೂಲ ಗುಂಪುಗಳು, 13 ಉಪಗುಂಪುಗಳು. ಹೊಸ ಖಾತೆ ತೆರೆಯುವಾಗ ‘ಯಾವುದರ ಅಡಿಯಲ್ಲಿ’ ಎಂಬ ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋಗಲಾಗದು. ಖಾತೆಗೆ ಅನ್ವಯಿಸುವ ಈ ಶಿಸ್ತು ಬೇಡಿಕೆಯ ಸಂದೇಶಕ್ಕೂ ಅನ್ವಯಿಸಬೇಕು.

ಈ ಎಲ್ಲ ಉದಾಹರಣೆಗಳಿಂದ ಹೊರಡುವ ತತ್ವ ಒಂದೇ. ಒಳಸಾಲು ತಾನು ಯಾವುದರ ಅಡಿಯಲ್ಲಿದೆ ಎಂಬುದನ್ನು ತನ್ನ ಸಂಖ್ಯೆಯಲ್ಲೇ ಹೊತ್ತಿರಬೇಕು. ಅಂಚಿನ ಜಾಗ ಫೋನಿನಿಂದ ಫೋನಿಗೆ ಹೋಗುವಾಗ ಅಳಿಸಿಹೋಗುತ್ತದೆ. ಬರೆದ ಸಂಖ್ಯೆ ಉಳಿಯುತ್ತದೆ.

ಬರೆಯುವ ಕ್ರಮ

ಮೇಲೆ ಹೇಳಿದ ಬೇಡಿಕೆಯನ್ನು ಈ ತತ್ವದಂತೆ ಬರೆದರೆ ಹೀಗಾಗುತ್ತದೆ.

ಬೇಡಿಕೆ ಸಂಖ್ಯೆ 47
1) ಸೋನಾ ಮಸೂರಿ, ಸ್ಟೀಮ್
1ಅ) 25 ಕೆ.ಜಿ. ಚೀಲ, 40
1ಆ) 50 ಕೆ.ಜಿ. ಚೀಲ, 20
2) ಐ.ಆರ್. 64
2ಅ) 25 ಕೆ.ಜಿ. ಚೀಲ, 30, ಹೊಸ ಚೀಲ
3) ಎಲ್ಲಕ್ಕೂ ಅನ್ವಯ
3ಅ) ಲಾರಿ ಬಾಡಿಗೆ ಗಿರಣಿಯದು
ಒಟ್ಟು: 2 ಬಾಬು, 90 ಚೀಲ, 2,750 ಕೆ.ಜಿ.

ಇದರಲ್ಲಿ ಗಮನಿಸಬೇಕಾದ ಅಂಶಗಳು ಕೆಲವಿವೆ.

ಮೊದಲನೆಯದು, ಉಪಸಂಖ್ಯೆಗೆ ದಶಾಂಶದ ಬದಲು ಅಕ್ಷರ. ಕಚೇರಿ ವರದಿಗಳಲ್ಲಿ 1.1, 1.2 ಎಂಬ ಕ್ರಮ ರೂಢಿಯಲ್ಲಿದೆ. ವ್ಯಾಪಾರದ ಪಟ್ಟಿಯಲ್ಲಿ ಅದು ಅಪಾಯಕರ. ‘1.1 25 ಕೆ.ಜಿ.’ ಎಂಬಲ್ಲಿ ಸಾಲಿನ ಸಂಖ್ಯೆ ಎಲ್ಲಿ ಮುಗಿಯಿತು, ತೂಕ ಎಲ್ಲಿ ಆರಂಭವಾಯಿತು ಎಂಬುದು ಅವಸರದಲ್ಲಿ ತಿಳಿಯದು. ‘1ಅ’ ಎಂಬುದನ್ನು ಯಾರೂ ತೂಕವೆಂದು ಓದಲಾರರು. ಕನ್ನಡ ಓದದ ಕೇರಳದ ಶುಂಠಿ ಖರೀದಿದಾರರಿಗೆ ಬರೆಯುವಾಗ ಇಂಗ್ಲಿಷಿನ ಎ, ಬಿ ಅಕ್ಷರಗಳನ್ನು ಬಳಸಬಹುದು.

ಎರಡನೆಯದು, ಅಂಕಿಯ ಮುಂದೆ ಚುಕ್ಕೆಯ ಬದಲು ಆವರಣ ಚಿಹ್ನೆ. ಆ್ಯಪ್ ತಾನಾಗಿ ಪಟ್ಟಿಯಾಗಿ ಮಾರ್ಪಡಿಸುವುದು ಚುಕ್ಕೆಯಿರುವ ಅಂಕಿಯನ್ನು. ಆವರಣ ಚಿಹ್ನೆಯಿದ್ದರೆ ಬರೆದದ್ದು ಬರೆದಂತೆಯೇ ಉಳಿಯುತ್ತದೆ. ಎಲ್ಲಿಗೆ ನಕಲು ಮಾಡಿದರೂ ಬದಲಾಗುವುದಿಲ್ಲ.

ಮೂರನೆಯದು, ಎಲ್ಲಕ್ಕೂ ಅನ್ವಯಿಸುವ ಷರತ್ತುಗಳಿಗೆ ಪ್ರತ್ಯೇಕ ಬಾಬು. ಬಾಡಿಗೆ, ಪಾವತಿಯ ಗಡುವು, ಇಳಿಸುವ ಸ್ಥಳ ಇವು ಕೊನೆಯ ಸರಕಿನ ಬಾಲಕ್ಕೆ ಅಂಟಬಾರದು. ‘ನಮ್ಮದು’, ‘ನಿಮ್ಮದು’ ಎಂಬ ಪದಗಳ ಬದಲು ‘ಗಿರಣಿಯದು’, ‘ಅಂಗಡಿಯದು’ ಎಂದು ಬರೆದರೆ ಸಂದೇಶ ಮೂರನೆಯವರಿಗೆ ಹೋದಾಗಲೂ ಅರ್ಥ ಬದಲಾಗದು.

ನಾಲ್ಕನೆಯದು, ಕೊನೆಯ ಒಟ್ಟು ಸಾಲು. ಖಾತೆಯಲ್ಲಿ ಅಡ್ಡ ಮೊತ್ತ, ಉದ್ದ ಮೊತ್ತ ತಾಳೆ ನೋಡುವಂತೆ ಇಲ್ಲಿಯೂ ಚೀಲದ ಎಣಿಕೆ ಮತ್ತು ತೂಕವನ್ನು ಬರೆದರೆ, ನಡುವೆ ಒಂದು ಸಾಲು ಬಿಟ್ಟುಹೋಗಿದ್ದರೂ ಓದುವವರಿಗೆ ಅಲ್ಲೇ ತಿಳಿಯುತ್ತದೆ.

ಐದನೆಯದು, ಹಂತಗಳ ಮಿತಿ. ಎರಡು ಹಂತಕ್ಕಿಂತ ಹೆಚ್ಚು ಬೇಕಾದರೆ ಅದು ಸಂದೇಶದಲ್ಲಿ ಬರೆಯುವ ವಿಷಯವಲ್ಲ. ಎಕ್ಸೆಲ್ ಹಾಳೆಯಲ್ಲೋ ಸಂಸ್ಥೆಯ ಶಿರೋನಾಮೆಯ ಕಾಗದದಲ್ಲೋ ಸಿದ್ಧಪಡಿಸಿ, ಅದನ್ನೇ ಕಡತವಾಗಿ ಲಗತ್ತಿಸುವುದು ಲೇಸು.

ಮುಖ್ಯ ಬಾಬು ಎದ್ದು ಕಾಣಬೇಕಾದರೆ ಅದರ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿ ದಪ್ಪ ಅಕ್ಷರ ಮಾಡಬಹುದು. ಚಿಹ್ನೆಗೂ ಅಕ್ಷರಕ್ಕೂ ನಡುವೆ ಜಾಗವಿರಬಾರದು. ಆದರೆ ದಪ್ಪ ಅಕ್ಷರ ಅಲಂಕಾರ ಮಾತ್ರ. ಅರ್ಥವನ್ನು ಅದರ ಮೇಲೆ ಹೊರಿಸಬಾರದು. ಸಮ ಅಗಲದ ಅಕ್ಷರಶೈಲಿಯಲ್ಲಿ ಕಂಬಸಾಲು ಜೋಡಿಸುವ ಪ್ರಯತ್ನವೂ ಕನ್ನಡದಲ್ಲಿ ಫಲಿಸುವುದಿಲ್ಲ. ಅಂಕಿಗಳು ಒಂದರ ಕೆಳಗೊಂದು ನಿಂತರೂ, ಒತ್ತಕ್ಷರಗಳುಳ್ಳ ಕನ್ನಡ ಪದಗಳ ಅಗಲ ಒಂದೇ ಸಮ ಇರುವುದಿಲ್ಲ.

ಈ ಕ್ರಮದ ನಿಜವಾದ ಪ್ರಯೋಜನ ಉತ್ತರ ಬರುವಾಗ ತಿಳಿಯುತ್ತದೆ. ‘ಎಲ್ಲಾ ಸರಿ, ದೊಡ್ಡ ಚೀಲ ಇಲ್ಲ’ ಎಂಬ ಉತ್ತರದ ಬದಲು ‘47ರಲ್ಲಿ 1ಆ ಇಲ್ಲ, ಉಳಿದದ್ದು ನಾಳೆ’ ಎಂದು ಬರೆಯಬಹುದು. ದೂರವಾಣಿಯಲ್ಲಿ ಮಾತನಾಡುವಾಗಲೂ, ಲಾರಿಗೆ ಮಾಲು ಏರಿಸುವಾಗಲೂ ಅದೇ ಗುರುತು ಸಾಕು.

ಕಾನೂನಿನ ದೃಷ್ಟಿ

ವಾಟ್ಸ್‌ಆ್ಯಪ್ ಸಂದೇಶ ಬರಿಯ ಮಾತು, ಅದಕ್ಕೆ ಕಾನೂನಿನ ಬಲವಿಲ್ಲ ಎಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ಕ್ಕೆ ತಂದ ತಿದ್ದುಪಡಿಯ ಮೂಲಕ ಸೇರಿದ 10ಎ ಕಲಮಿನ ಪ್ರಕಾರ, ವಿದ್ಯುನ್ಮಾನ ರೂಪದಲ್ಲಿ ನಡೆಯಿತು ಎಂಬ ಒಂದೇ ಕಾರಣದಿಂದ ಕರಾರು ಅಸಿಂಧುವಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಅಗತ್ಯ ಪ್ರಮಾಣಪತ್ರದೊಡನೆ ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಸಲ್ಲಿಸಬಹುದು.

ಹೀಗೆ ಸಂದೇಶವೇ ಕರಾರಾದಾಗ ಅದರ ಅರ್ಥ ಸ್ಪಷ್ಟವಾಗಿರಬೇಕು. ಭಾರತೀಯ ಕರಾರು ಅಧಿನಿಯಮ, 1872ರ 29ನೆಯ ಕಲಮಿನ ಪ್ರಕಾರ, ಅರ್ಥ ನಿಶ್ಚಿತವಲ್ಲದ ಮತ್ತು ನಿಶ್ಚಿತಗೊಳಿಸಲೂ ಆಗದ ಒಪ್ಪಂದ ಶೂನ್ಯ. ಕಾಯಿದೆಯಲ್ಲೇ ದೃಷ್ಟಾಂತವಿದೆ. ನೂರು ಟನ್ ಎಣ್ಣೆ ಮಾರುವುದಾಗಿ ಒಪ್ಪಿ, ಯಾವ ಎಣ್ಣೆ ಎಂಬುದನ್ನು ತಿಳಿಸುವ ಯಾವ ಆಧಾರವೂ ಇಲ್ಲದಿದ್ದರೆ ಒಪ್ಪಂದ ನಿಲ್ಲದು. ಮಾರುವವರು ತೆಂಗಿನ ಎಣ್ಣೆಯನ್ನಷ್ಟೇ ಮಾರುವ ವ್ಯಾಪಾರಿಯಾಗಿದ್ದರೆ ಅದೇ ಮಾತು ನಿಲ್ಲುತ್ತದೆ, ಏಕೆಂದರೆ ಅವರ ವ್ಯಾಪಾರವೇ ಅರ್ಥವನ್ನು ಸೂಚಿಸುತ್ತದೆ. ಹತ್ತು ಬಗೆಯ ಅಕ್ಕಿ ಮಾರುವ ಗಿರಣಿಗೆ ಆ ಆಸರೆಯಿಲ್ಲ. ಅಲ್ಲಿ ಸಾಲಿನ ಸಂಖ್ಯೆಯೇ ಆಸರೆ.

ಸಂದೇಶ ತಿದ್ದುವ ಸೌಲಭ್ಯದ ಬಗೆಗೂ ಎಚ್ಚರ ಅಗತ್ಯ. 2023ರ ಮೇ ತಿಂಗಳಲ್ಲಿ ಬಂದ ಈ ಸೌಲಭ್ಯದಂತೆ, ಕಳುಹಿಸಿದ 15 ನಿಮಿಷಗಳ ಒಳಗೆ ಸಂದೇಶವನ್ನು ತಿದ್ದಬಹುದು. ತಿದ್ದಲಾಗಿದೆ ಎಂಬ ಗುರುತು ಕಾಣುತ್ತದೆ. ಮೊದಲು ಏನಿತ್ತು ಎಂಬುದು ಕಾಣುವುದಿಲ್ಲ. ಆದ್ದರಿಂದ ಒಪ್ಪಿಗೆ ಬಂದ ಮೇಲೆ ಪಟ್ಟಿಯನ್ನು ತಿದ್ದದೆ, ‘47ಕ್ಕೆ ತಿದ್ದುಪಡಿ: 1ಅ 40ರ ಬದಲು 35’ ಎಂದು ಹೊಸ ಸಂದೇಶ ಕಳುಹಿಸುವುದು ಎರಡೂ ಕಡೆಯವರಿಗೆ ಕ್ಷೇಮ. ಖಾತೆಯಲ್ಲಿ ತಪ್ಪಾದ ನಮೂದನ್ನು ಅಳಿಸದೆ, ಸರಿಪಡಿಸುವ ನಮೂದನ್ನು ಬರೆಯುವ ಹಳೆಯ ನಿಯಮವೇ ಇದು.

ಜಿ.ಎಸ್.ಟಿ. ಅಧಿನಿಯಮದ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಕಾಪಾಡಬೇಕು. ಸರಕುಪಟ್ಟಿಗೆ ಆಧಾರವಾದ ಬೇಡಿಕೆಯೂ ಅದರ ಜೊತೆಗಿದ್ದರೆ, ವಿಚಾರಣೆ ಬಂದಾಗ ಉತ್ತರ ಸುಲಭ. ಫೋನು ಕಳೆಯಬಹುದು, ಕೆಡಬಹುದು. ಪ್ರತಿ ತಿಂಗಳ ಕೊನೆಗೆ ಮುಖ್ಯ ಗಿರಾಕಿಗಳ ಸಂಭಾಷಣೆಯನ್ನು ಕಡತವಾಗಿ ಹೊರತೆಗೆದು ಕಂಪ್ಯೂಟರಿನಲ್ಲಿ ಇರಿಸಿಕೊಳ್ಳಬೇಕು. ಆ ಕಡತದಲ್ಲಿ ದಪ್ಪ ಅಕ್ಷರವಾಗಲಿ ಚುಕ್ಕೆಯಾಗಲಿ ಇರುವುದಿಲ್ಲ. ಆರು ವರ್ಷಗಳ ಅನಂತರ ಅದನ್ನು ತೆರೆದು ಓದುವ ಗುಮಾಸ್ತರಿಗೆ ಅಥವಾ ಅಧಿಕಾರಿಗೆ ಬರೆದವರ ಮನಸ್ಸಿನಲ್ಲಿದ್ದದ್ದು ತಿಳಿಯುವುದು 1ಅ, 1ಆ ಎಂಬ ಗುರುತುಗಳಿಂದ ಮಾತ್ರ.

ಇದಕ್ಕೆ ಹೊಸ ಫೋನು ಬೇಡ, ಹೊಸ ಆ್ಯಪ್ ಬೇಡ, ಶುಲ್ಕವೂ ಇಲ್ಲ. ಅಂಗಡಿಯ ಗುಮಾಸ್ತರಿಗೂ ಕಾರ್ಖಾನೆಯ ಮೇಸ್ತ್ರಿಗೂ ಒಂದು ಮಾದರಿ ಪಟ್ಟಿಯನ್ನು ಕಳುಹಿಸಿ, ಇನ್ನು ಮುಂದೆ ಹೀಗೆಯೇ ಬರೆಯಬೇಕೆಂದು ತಿಳಿಸಿದರೆ ಸಾಕು. ಗಿರಾಕಿಯೊಬ್ಬರು ಹಳೆಯ ರೀತಿಯಲ್ಲೇ ಬೇಡಿಕೆ ಕಳುಹಿಸಿದಲ್ಲಿ, ಅದನ್ನು ಸಂಖ್ಯೆಯೊಡನೆ ಮರುಬರೆದು ‘ಇದು ಸರಿಯೇ?’ ಎಂದು ಕೇಳಿ, ಒಪ್ಪಿಗೆ ಬಂದ ಮೇಲಷ್ಟೇ ಮಾಲು ಏರಿಸಬೇಕು. ಎರಡು ನಿಮಿಷದ ಆ ಕೆಲಸ, ಕೆ.ಆರ್. ನಗರದಿಂದ ಕೋಟೆಗೆ ಹೋದ ಲಾರಿ ತುಂಬಿದ ಮಾಲಿನೊಡನೆ ಮರಳುವುದನ್ನು ತಪ್ಪಿಸುತ್ತದೆ.